ಪಿ0420 ಕೋಡ್, ಘಾಟಿಯಲ್ಲಿ ಪಿಕಪ್ ಇಲ್ಲ: ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಯಿಸಲೇಬೇಕಾ?

ಕೈಮರ_18:
2018ರ ಬಿಎಸ್ 4 ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, 1.1 ಲಕ್ಷ ಕಿ.ಮೀ. ಓಡಿದೆ. ಚೆಕ್ ಎಂಜಿನ್ ಲೈಟ್ ಉರೀತಿದೆ, ಸ್ಕ್ಯಾನರಲ್ಲಿ ಪಿ0420. ಅಳಿಸಿದ್ರೂ ವಾಪಸ್ ಬರುತ್ತೆ. ಕೈಮರದಿಂದ ಮೇಲೆ ಹತ್ತುವಾಗ ಎಳೆಯೋದೇ ಇಲ್ಲ. ಚಿಕ್ಕಮಗಳೂರಲ್ಲಿ ಒಂದು ಗ್ಯಾರೇಜಿನವರು ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನೇ (ಕ್ಯಾಟ್) ಹೊಸದು ಹಾಕಿ ಅಂತಾರೆ. ಇನ್ನೊಬ್ಬರು ಅದರ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಒಡೆದು ಖಾಲಿ ಡಬ್ಬ ಮಾಡಿ ಕೊಡ್ತೀನಿ ಅಂತಾರೆ. ಯಾವುದು ಸರಿ?

ಹಾಸನ_ಸ್ಪ್ಯಾನರ್:
ಕೋಡ್ ನೋಡಿ ಪಾರ್ಟ್ ತರಿಸಬೇಡಿ ಸಾರ್. ಪಿ0420 ಅಂದ್ರೆ ಕ್ಯಾಟ್ ಹೊಗೆಯನ್ನ ಸರಿಯಾಗಿ ಶುದ್ಧ ಮಾಡ್ತಿಲ್ಲ ಅಂತ, ಅಂದ್ರೆ ಒಳಗಿನ ಲೇಪನದ ಸವೆತದ ದೂರು. ಪಿಕಪ್ ಹೋಗೋದು ಕ್ಯಾಟ್ ಕಟ್ಟಿಕೊಂಡಾಗ. ಲೇಪನ ಸವೆದ ಮಾತ್ರಕ್ಕೆ ಗಾಡಿ ಎಳೆಯೋದು ಕಮ್ಮಿ ಆಗಲ್ಲ, ಹಾಗಾಗಿ ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸಿ.

ಸವೆತಕ್ಕೆ: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಲೈವ್ ಡೇಟಾ ನೋಡಿ. ಕ್ಯಾಟ್ ಆದಮೇಲೆ ಬರೋ ಹಿಂದಿನ ಆಕ್ಸಿಜನ್ ಸೆನ್ಸರ್ 0.6ರಿಂದ 0.7 ವೋಲ್ಟ್ ಆಸುಪಾಸಲ್ಲಿ ಅಲ್ಲಾಡದೆ ನಿಲ್ಲಬೇಕು. ಮುಂದಿನದರ ಹಾಗೆ 0.1ಕ್ಕೂ 0.9ಕ್ಕೂ ಕುಣಿತಾ ಇದ್ರೆ ಕ್ಯಾಟ್ ಸವೆದಿದೆ, ಇಲ್ಲಾ ಸೆನ್ಸರಿಗಿಂತ ಮುಂಚೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕೋದು ಸುಲಭ: ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಕ್ಷಣಕಾಲ ಒತ್ತಿ ಹಿಡಿಯಿರಿ. ಜಾಯಿಂಟಲ್ಲಿ ಟಿಕ್ ಟಿಕ್ ಶಬ್ದ, ಕಪ್ಪು ಮಸಿ ಕಂಡ್ರೆ ಗ್ಯಾಸ್ಕೆಟ್ ಖರ್ಚಲ್ಲೇ ಮುಗೀಬಹುದು.

ಕಟ್ಟಿಕೊಂಡಿದೆಯಾ ನೋಡೋಕೆ: ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿಸಿ. ಐಡಲ್‌ನಲ್ಲಿ 1.25 ಪಿಎಸ್‌ಐ, 2500ರಲ್ಲಿ 3 ಪಿಎಸ್‌ಐ ಒಳಗಿರಬೇಕು.

ಮೂಡಿಗೆರೆ_ಗೇರ್:
ಕ್ಯಾಟ್ ಸುಮ್ಸುಮ್ನೆ ಸಾಯಲ್ಲ, ಸಾಯಿಸಿದ್ದು ಯಾವುದು ಅಂತ ಮೊದಲು ಹುಡುಕಿ. ಹೆಚ್ಚಾಗಿ ಮಿಸ್‌ಫೈರೇ ಕಾರಣ. ಆಗ ಸಿಲಿಂಡರಲ್ಲಿ ಉರಿಯದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಉರಿದು ಸೆರಾಮಿಕ್ ಕರಗುತ್ತೆ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಅದೇ ನಡೀತಿದೆ ಅಂತ, ಗಾಡಿ ಓಡಿಸಬೇಡಿ. ಆಯಿಲ್ ಕಮ್ಮಿ ಆಗ್ತಿದೆಯಾ, ಕೂಲೆಂಟ್ ಇಳೀತಿದೆಯಾ ಅದನ್ನೂ ನೋಡಿ.

ನಮ್ಮ ಕಡೆ ಇನ್ನೊಂದಿದೆ. ಚಾರ್ಮಾಡಿ ಹತ್ತಿ ಕಾದಿರೋ ಕ್ಯಾಟ್ ಮಳೆಗಾಲದ ಹಳ್ಳದ ನೀರಿಗಿಳಿದ್ರೆ ಸೆರಾಮಿಕ್ ಬಿರುಕು ಬಿಡಬಹುದು. ಎಸ್ಟೇಟ್ ರಸ್ತೆ ಕಲ್ಲು ತಗುಲಿದ್ರೂ ಅಷ್ಟೇ. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ. ಗಲಗಲ ಅಂದ್ರೆ ಒಳಗೆ ಪುಡಿಯಾಗಿದೆ.

ಖಾಲಿ ಡಬ್ಬದ ಯೋಚನೆ ಬಿಡಿ. ಅದು ಕಾನೂನಿಗೂ ವಿರುದ್ಧ, ಹಿಂದಿನ ಸೆನ್ಸರ್ ಅಲ್ಲೇ ಇರೋದ್ರಿಂದ ಕೋಡೂ ಹೋಗಲ್ಲ. ಬಿಎಸ್ 4 ಪೆಟ್ರೋಲ್ ಗಾಡಿಗೆ ಎಮಿಷನ್ ಟೆಸ್ಟಲ್ಲಿ ಐಡಲ್ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಕ್ಯಾಟ್ ಇಲ್ಲದೆ ಅದರೊಳಗೆ ನಿಲ್ಲೋದು ಕನಸು.

ಕೈಮರ_18:
ಗೇಜ್ ಹಾಕಿಸಿದೆ, 2500ರಲ್ಲಿ 5 ಪಿಎಸ್‌ಐ. ಹಳೇ ಕೋಡ್‌ಗಳಲ್ಲಿ ಪಿ0303 ಕೂಡ ಇದೆ. ನಾನೇ ಬಿಚ್ಚಬಹುದಾ?

ಹಾಸನ_ಸ್ಪ್ಯಾನರ್:
ಕಟ್ಟಿಕೊಂಡಿದೆ, ಬದಲಾಯಿಸಲೇಬೇಕು. ಆದ್ರೆ ಪಿ0303 ಅಂದ್ರೆ ಮೂರನೇ ಸಿಲಿಂಡರ್ ಮಿಸ್‌ಫೈರ್. ಮೂರನೇದರ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡೋದು) ಒಂದನೇದಕ್ಕೆ ಹಾಕಿ ಓಡಿಸಿ. ಕೋಡ್ ಪಿ0301 ಆದ್ರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದ್ರೆ ಪ್ಲಗ್, ಆಮೇಲೆ ಇಂಜೆಕ್ಟರ್ ನೋಡಿ. ಇದು ಸರಿಯಾಗದೆ ಹೊಸ ಕ್ಯಾಟ್ ಹಾಕಿದ್ರೆ ಅದಕ್ಕೂ ಇದೇ ಗತಿ.

ಕ್ಯಾಟ್ ಎಂಜಿನ್ನಿಗೆ ಸೇರಿರೋ ಹೊಗೆ ಪೈಪ್ ಮ್ಯಾನಿಫೋಲ್ಡಿಗೇ ಸೇರಿದ್ರೆ ಮನೇಲಿ ಬಿಚ್ಚಬೇಡಿ. ತುಕ್ಕು ಹಿಡಿದ ಸ್ಟಡ್ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಒಳಗೆ ಮುರಿದ್ರೆ ಹೆಡ್ ಇಳಿಸಿ ಲೇತ್‌ಗೆ ಒಯ್ಯೋ ಪರಿಸ್ಥಿತಿ ಬರಬಹುದು. ಗಾಡಿ ಅಡಿಯಲ್ಲಿ ಫ್ಲೇಂಜ್ (ನಟ್ಟು ಹಾಕಿ ಸೇರಿಸೋ ಪೈಪಿನ ಅಂಚು) ಮಧ್ಯೆ ಕೂತಿದ್ರೆ ಮಾಡಬಹುದು. ಹಿಂದಿನ ರಾತ್ರಿಯೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸೋ ಆಯಿಲ್ ಹೊಡೀರಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಗಾಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಸೆನ್ಸರಿಗೆ ವೈರ್ ಹಾಯೋ ಸೀಳಿರೋ 22 ಎಂಎಂ ಸಾಕೆಟ್ ಬೇಕು. ನಟ್ಟು ಬಿಗಿಯಿದ್ರೆ ಸ್ವಲ್ಪ ಟೈಟ್ ಮಾಡಿ, ಆಮೇಲೆ ಲೂಸ್ ಮಾಡಿ.

ಹೊಸ ಗ್ಯಾಸ್ಕೆಟ್, ಹೊಸ ನಟ್ಟು, ಸ್ಪ್ರಿಂಗ್ ಬೋಲ್ಟ್ ಇಟ್ಕೊಂಡೇ ಶುರು ಮಾಡಿ. ಎಲ್ಲ ನಟ್ಟೂ ಕೈಯಲ್ಲಿ ಸಡಿಲವಾಗಿ ಕೂರಿಸಿ, ಪೈಪ್ ನೇರ ಇದೆಯಾ ನೋಡಿ, ಎಂಜಿನ್ ಕಡೆಯಿಂದ ಹಿಂದಕ್ಕೆ ಟೈಟ್ ಮಾಡ್ತಾ ಬನ್ನಿ. ಸಿಲಿಕಾನ್ ಪೇಸ್ಟ್ ಹಚ್ಚಲೇಬೇಡಿ, ಅದು ಸೆನ್ಸರನ್ನೂ ಹೊಸ ಕ್ಯಾಟನ್ನೂ ಕೊಲ್ಲುತ್ತೆ.

ಮೂಡಿಗೆರೆ_ಗೇರ್:
ಹೀಟ್ ಶೀಲ್ಡ್ ಮರೀದೆ ವಾಪಸ್ ಹಾಕಿ. ಒಣಗಿದ ಸಿಲ್ವರ್ ಓಕ್ ಎಲೆ ರಾಶಿ ಮೇಲೆ ಗಾಡಿ ನಿಲ್ಸಿದ್ರೆ ಬೆಂಕಿ ಹತ್ತೋದು ತಮಾಷೆಯಲ್ಲ. ಮಾರ್ಕೆಟಲ್ಲಿ ಸಿಗೋ ತೀರಾ ಅಗ್ಗದ ಕ್ಯಾಟ್‌ನಲ್ಲಿ ಲೇಪನ ತೆಳು, ಕೋಡ್ ಬೇಗ ವಾಪಸ್ ಬರುತ್ತೆ. ಹಳೇದನ್ನ ಗ್ಯಾರೇಜಲ್ಲಿ ಬಿಟ್ಟು ಬರಬೇಡಿ, ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತೆ. ಗುಜರಿ ರೇಟ್ ಎರಡು ಕಡೆ ಕೇಳಿ.