ಸಹಾಯ ಬೇಕು: ಪಬ್‌ಮೆಡ್‌ನಲ್ಲಿ ಮೆಶ್ ಪದ ಹಾಕಿದರೆ ಹೊಸ ಲೇಖನ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹದಿಹರೆಯದವರ ನಿದ್ದೆ ಮತ್ತು ಮೊಬೈಲ್ ಬಳಕೆ ಬಗ್ಗೆ ಒಂದು ವಿಮರ್ಶಾ ಲೇಖನ ಬರೆಯಬೇಕು. ವೈದ್ಯಕೀಯ ಲೇಖನಗಳ ಭಂಡಾರವಾದ ಪಬ್‌ಮೆಡ್‌ನ ಹುಡುಕಾಟದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಸುಮ್ನೆ ಸ್ಲೀಪ್, ಅಡಾಲಸೆಂಟ್, ಸ್ಮಾರ್ಟ್‌ಫೋನ್ ಅಂತ ಹೊಡೆದರೆ ರಾಶಿ ರಾಶಿ ಬರುತ್ತದೆ, ಬೇಡದ್ದೇ ಜಾಸ್ತಿ. ಹಾಗಾಗಿ ಮೂರಕ್ಕೂ ಮೆಶ್ ಪದ (ಅಲ್ಲಿ ಲೇಖನಗಳಿಗೆ ಹಚ್ಚುವ ನಿಗದಿತ ವಿಷಯಪದ) ಆರಿಸಿ, ಮೂರೂ ಇರುವ ಲೇಖನ ಮಾತ್ರ ಬರಲಿ ಅಂತ ಆಂಡ್ ಹಾಕಿ ಜೋಡಿಸಿದೆ. ಬಂದದ್ದು ಚೊಕ್ಕವಾಗಿತ್ತು. ಆದರೆ ನನ್ನ ಗೈಡ್ ಕಳಿಸಿದ್ದ ಇತ್ತೀಚಿನ ಲೇಖನವೇ ಅದರಲ್ಲಿ ಇಲ್ಲ! ಆ ಲೇಖನದ ಪುಟ ತೆರೆದರೆ ಸಾರಾಂಶದ ಕೆಳಗೆ ಮೆಶ್ ಪಟ್ಟಿಯೇ ಇಲ್ಲ. ಇನ್ನೂ ಹಚ್ಚಿಲ್ಲ ಅಂತ ಕಾಣುತ್ತದೆ.

ಮಾಮೂಲಿ ಪದಗಳಿಗೆ ಉದ್ಧರಣ ಚಿಹ್ನೆಯನ್ನೂ ಹಾಕಿ ನೋಡಿದೆ. ಆಗ ಪಬ್‌ಮೆಡ್ ತಾನಾಗಿ ಸಮಾನ ಪದ ಸೇರಿಸುವುದನ್ನು ನಿಲ್ಲಿಸಿಬಿಡುತ್ತದೆ, ಟೀನೇಜರ್ ಅಂತ ಬರೆದವರೆಲ್ಲ ತಪ್ಪಿಹೋಗುತ್ತಾರೆ. ಪದದ ಬೇರೆ ಬೇರೆ ರೂಪ ಸಿಗಲಿ ಅಂತ ಕೊನೆಗೆ ಹಾಕುವ ಸ್ಟಾರ್ ಚಿಹ್ನೆಯದೂ ಅದೇ ಕಥೆ.

ದಯವಿಟ್ಟು ಗೂಗಲ್ ಸ್ಕಾಲರ್ ಸಾಕು ಅನ್ನಬೇಡಿ. ಯಾವ ಸಾಲು ಹಾಕಿ ಹುಡುಕಿದೆ ಅನ್ನುವುದನ್ನು ಲೇಖನದಲ್ಲೇ ತೋರಿಸಬೇಕು.

ನನ್ನ ಪ್ರಶ್ನೆ ಇಷ್ಟೇ. ಒಂದೊಂದು ವಿಷಯಕ್ಕೂ ಮೆಶ್ ಪದವನ್ನೂ, ಶೀರ್ಷಿಕೆ-ಸಾರಾಂಶದಲ್ಲಿ ಹುಡುಕುವ ಮಾಮೂಲಿ ಪದಗಳನ್ನೂ ಆರ್ (ಯಾವುದಾದರೂ ಒಂದಿದ್ದರೂ ಸಾಕು ಅಂತ) ಹಾಕಿ ಒಂದೇ ಕಂಸದೊಳಗೆ ಸೇರಿಸಿ, ಆಮೇಲೆ ಮೂರು ಕಂಸಗಳನ್ನು ಆಂಡ್‌ನಿಂದ ಜೋಡಿಸಬೇಕಾ? ಅಥವಾ ಎರಡನ್ನೂ ಬೇರೆ ಬೇರೆ ಹುಡುಕಿ, ಎರಡೆರಡು ಸಲ ಬಂದವನ್ನು ಲೇಖನಗಳ ಪಟ್ಟಿ ಇಡುವ ಜೊಟೆರೊ ತಂತ್ರಾಂಶದಲ್ಲಿ ತೆಗೆದುಹಾಕಬೇಕಾ? ಇಂಥದ್ದು ಮಾಡಿದವರು ನಿಮ್ಮ ಹುಡುಕಾಟದ ಒಂದು ಸಾಲನ್ನು ಹಾಗೇ ಇಲ್ಲಿ ಹಾಕುತ್ತೀರಾ?