ಅಪ್‌ಡೇಟ್: ಅಣ್ಣನ ಯಮಹಾ ಆರ್‌ಎಕ್ಸ್ 100 ಬೈಕ್ ಸ್ಟಾರ್ಟ್ ಆಯ್ತು ಮಾರಾಯ್ರೆ

ಹೋದ ತಿಂಗಳು ಕೇಳಿದ್ದೆನಲ್ಲ, ನಮ್ಮ ಉಡುಪಿ ರೈಡಿಂಗ್ ಗ್ರೂಪಿನ ಅಣ್ಣ ತೀರಿಕೊಂಡ ಮೇಲೆ ಅವರ ಗಾಡಿ ಶೆಡ್ಡಲ್ಲಿ ಹಾಗೇ ನಿಂತುಂಟು, ಅತ್ತಿಗೆಗೆ ಮಾರ್ಲಿಕ್ಕೆ ಮನಸ್ಸಿಲ್ಲ, ಎಂತ ಮಾಡುದು ಅಂತ. ಮಾರ್ಬೇಡಿ ಅಂದವರಿಗೆಲ್ಲ ಥ್ಯಾಂಕ್ಸ್, ಮಾರಲಿಲ್ಲ.

ಮೊದಲು ಕಾಗದದ ಕೆಲಸ. ಮಾಲೀಕರು ತೀರಿಕೊಂಡ್ರೆ ಆರ್‌ಸಿ ವರ್ಗಾವಣೆಗೆ ಫಾರ್ಮ್ 31, ಮೂರು ತಿಂಗಳ ಒಳಗೆ ಕೊಡ್ಬೇಕು, ನೀವು ಹೇಳದಿದ್ರೆ ನಾವು ಮಾಮೂಲಿ ಸೇಲ್ ಫಾರ್ಮನ್ನೇ ತುಂಬಿಸ್ತಿದ್ದೆವು. ಈಗ ಅತ್ತಿಗೆ ಹೆಸರಿಗೆ ಅರ್ಜಿ ಹಾಕಿ ಆಯ್ತು.

ಆಮೇಲೆ ಗಾಡಿ. ಕಾರ್ಬುರೇಟರ್ ಬಿಚ್ಚಿದ್ರೆ ಹಳೆ ಪೆಟ್ರೋಲ್ ಹಲಸಿನ ಮೇಣದ ಹಾಗೆ ಅಂಟಿತ್ತು, ಪೆಟ್ರೋಲ್ ಹೋಗುವ ಸಣ್ಣ ತೂತು, ಪೈಲಟ್ ಜೆಟ್, ಪೂರ್ತಿ ಬ್ಲಾಕ್. ಸೈಡ್ ಕವರ್ ತೆಗೆದಾಗ ಒಳಗೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟ ಒಂದು ಕ್ಲಚ್ ಕೇಬಲ್ ಸಿಕ್ತು. ಬುಲೆಟ್‌ದು! ಅವರ ಹತ್ರ ಜನ್ಮದಲ್ಲಿ ಬುಲೆಟ್ ಇರಲೇ ಇಲ್ಲ, ಗ್ರೂಪಲ್ಲಿ ಬುಲೆಟ್ ಓಡಿಸುವ ನಮಗೆ ದಾರಿಯಲ್ಲಿ ಬೇಕಾದೀತು ಅಂತ ಇಟ್ಕೊಂಡದ್ದು. ಆಗುಂಬೆಯ 14 ತಿರುವು ಇಳಿವಾಗ ನನಗೆ ರೈನ್‌ಕೋಟ್ ಕೊಟ್ಟು ತಾವು ಸೋಮೇಶ್ವರದವರೆಗೆ ಮಳೆಯಲ್ಲಿ ಚಂಡಿಯಾಗಿ ಬಂದ ಜನ, ಕೇಳಿದ್ರೆ "ನಂಗೆ ಸೆಕೆ ಆಗ್ತಿತ್ತು" ಅಂತ!

ಏಳನೇ ಕಿಕ್ಕಿಗೆ ಹೊಗೆ ಬಂತು, ಅತ್ತಿಗೆ ಅಡುಗೆಕೋಣೆಯಿಂದ ಸೌಟು ಹಿಡ್ಕೊಂಡೇ ಹೊರಗೆ ಓಡಿ ಬಂದ್ರು.

ಭಾನುವಾರ ಮರವಂತೆಗೆ ಹೋದೆವು, ಒಂದು ಕಡೆ ಸಮುದ್ರ ಒಂದು ಕಡೆ ಸೌಪರ್ಣಿಕಾ, ಅಣ್ಣ ಯಾವಾಗ್ಲೂ ನಿಲ್ಲಿಸ್ತಿದ್ದ ಜಾಗ. ಗಾಡಿ ಓಡಿಸಿದ್ದು ಅವರ ಮಗ. ಕೇಬಲ್ ಇದ್ದಲ್ಲೇ ಉಂಟು.