ಮತದಾರರ ದಿನದ ಕಿರುನಾಟಕಕ್ಕೆ ಮಾರ್ಗರೆಟ್ ಕಸಿನ್ಸ್ ಕಥೆ ಹೊಂದುತ್ತದಾ?

ಘಟಪ್ರಭಾ ದಂಡೆ (ಮುಧೋಳ ತಾಲೂಕು) ಕೇಳಿದ್ದು:

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜನವರಿ 25 ಬಂದರೆ ಅದೇ ಪ್ರತಿಜ್ಞೆ, ಅದೇ ರಂಗೋಲಿ, ಅದೇ ಜಾಥಾ. ಮಕ್ಕಳಿಗೂ ಬೇಜಾರು, ನಮಗೂ ಬೇಜಾರು. ಈ ಸಲ ಒಂಬತ್ತನೇ ತರಗತಿ ಹುಡುಗಿಯರಿಂದ ಹದಿನೈದು ನಿಮಿಷದ ನಾಟಕ ಮಾಡಿಸೋಣ ಅಂತಿದ್ದೇನೆ. ಟೀಚರ್ ಆಗಿದ್ದುಕೊಂಡೇ ಹೆಂಗಸರ ಮತದ ಹಕ್ಕಿಗೆ ಹೋರಾಡಿದವರು ಬೇಕಿತ್ತು. ಹುಡುಕಿದಾಗ ಮಾರ್ಗರೆಟ್ ಕಸಿನ್ಸ್ ಸಿಕ್ಕರು. ಆದರೆ ಎಲ್ಲಿ ನೋಡಿದರೂ 1919ರಲ್ಲಿ ಮದನಪಲ್ಲಿಯಲ್ಲಿ ಜನಗಣಮನದ ರಾಗ ಬರೆದಿಟ್ಟ ಕಥೆಯೇ ಇದೆ. ಮತದ ವಿಷಯದಲ್ಲಿ ಅವರು ನಿಜವಾಗಿ ಏನು ಮಾಡಿದರು?

ಇನ್ನೊಂದು ಪ್ರಶ್ನೆ. ನಮ್ಮ ಕಡೆ ಹೆಂಗಸರಿಗೆ ಮತ ಬಂದದ್ದು ಯಾವಾಗ? ಸ್ಟಾಫ್ ರೂಮಿನಲ್ಲಿ ಒಬ್ಬರು ಸಂವಿಧಾನ ಬಂದ ಮೇಲೆ ಅಂತಾರೆ, ಇನ್ನೊಬ್ಬರು ಮೈಸೂರು ಮಹಾರಾಜರು ಮೊದಲೇ ಕೊಟ್ಟಿದ್ದರು ಅಂತಾರೆ. ಚಹಾ ಆರಿಹೋಯಿತು, ಜಗಳ ಆರಲಿಲ್ಲ.

ಹಳೇ ಪುಟ (ಬೆಳಗಾವಿ):

ಹೊಂದುತ್ತದೆ ಅಕ್ಕೋರೇ, ಚೆನ್ನಾಗಿಯೇ ಹೊಂದುತ್ತದೆ.

ಅವರು 1878ರಲ್ಲಿ ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಹುಟ್ಟಿದವರು. ಡಬ್ಲಿನ್‌ನಲ್ಲಿ ಸಂಗೀತ ಓದಿ ಟೀಚರ್ ಆದರು. 1908ರಲ್ಲಿ ಗೆಳತಿ ಹನ್ನಾ ಶೀಹಿ ಸ್ಕೆಫಿಂಗ್ಟನ್ ಜೊತೆ ಐರಿಷ್ ಹೆಂಗಸರ ಮತದ ಹಕ್ಕಿಗೆ ಸಂಘ ಕಟ್ಟಿದರು. ಸುಮ್ನೆ ಅರ್ಜಿ ಬರೆದು ಕೂತವರಲ್ಲ. 1910ರಲ್ಲಿ ಲಂಡನ್ನಿಗೆ ಹೋಗಿ ಪ್ರಧಾನಿ ಇರುವ ಡೌನಿಂಗ್ ಸ್ಟ್ರೀಟಿನಲ್ಲಿ ಕಿಟಕಿಗೆ ಕಲ್ಲು ಹೊಡೆದರು, ಹಾಲೋವೇ ಜೈಲಿನಲ್ಲಿ ಒಂದು ತಿಂಗಳು ಕಳೆದರು. 1913ರಲ್ಲಿ ಡಬ್ಲಿನ್ ಕ್ಯಾಸಲ್‌ನ ಗಾಜು ಒಡೆದು ಮತ್ತೆ ಜೈಲು ಸೇರಿದರು. ಆ ಸಲ ತಮ್ಮನ್ನು ರಾಜಕೀಯ ಕೈದಿ ಅಂತ ಒಪ್ಪಿಕೊಳ್ಳಬೇಕು ಎಂದು ಒಳಗೇ ಉಪವಾಸ ಕೂತರು. ಸಂಗೀತದ ಟೀಚರ್ ಇವರು, ನೆನಪಿರಲಿ!

1915ರಲ್ಲಿ ಗಂಡ ಜೇಮ್ಸ್ ಜೊತೆ ಇಲ್ಲಿಗೆ ಬಂದರು. 1917ರಲ್ಲಿ ಆನಿ ಬೆಸೆಂಟ್, ಡೊರೊಥಿ ಜಿನರಾಜದಾಸ ಜೊತೆ ಸೇರಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಶುರುವಾಯಿತು. ನಿಮ್ಮ ನಾಟಕದ ಮುಖ್ಯ ದೃಶ್ಯ ಸಿಗುವುದು ಇದೇ ವರ್ಷ. ಭಾರತದ ಆಡಳಿತ ಹೇಗೆ ಬದಲಾಗಬೇಕು ಅಂತ ಜನರನ್ನು ಕೇಳಲು ಬ್ರಿಟಿಷ್ ಮಂತ್ರಿ ಮಾಂಟೆಗು ಬರುವವರಿದ್ದರು. ಮಾಂಟೆಗುವನ್ನು ಕಾಣಲು ಸಮಯ ಕೇಳಿ ಕಸಿನ್ಸ್ ಪತ್ರ ಬರೆದರು. ಮತಕ್ಕಾಗಿ ಅಲ್ಲ, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಲು. ಮಂತ್ರಿಗಳು ರಾಜಕೀಯ ವಿಷಯ ಮಾತ್ರ ಕೇಳುತ್ತಾರೆ ಅಂತ ಉತ್ತರ ಬಂತು. ಹೌದಾ, ಹಾಗಾದರೆ ರಾಜಕೀಯವನ್ನೇ ಕೇಳೋಣ ಅಂತ ಮನವಿಯಲ್ಲಿ ಮತದ ಹಕ್ಕನ್ನೂ ಸೇರಿಸಿಬಿಟ್ಟರು. ಡಿಸೆಂಬರ್‌ನಲ್ಲಿ ಮದ್ರಾಸಿನಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಹೆಂಗಸರ ನಿಯೋಗ ಮಾಂಟೆಗುವನ್ನು ಕಂಡಿತು. ಶಾಲೆ ಕೇಳಲು ಹೋಗಿ ಮತ ಕೇಳಿ ಬಂದದ್ದು ನನಗಂತೂ ಆ ರಾಗದ ಕಥೆಗಿಂತ ಜಾಸ್ತಿ ಇಷ್ಟ.

ಕರ್ನಾಟಕದ ನಂಟೂ ಇದೆ. 1919-20ರಲ್ಲಿ ಅವರು ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮುಖ್ಯಸ್ಥೆ ಆಗಿದ್ದರು. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತಾಗ ಅವರ ಬೆನ್ನಿಗೆ ನಿಂತವರು ಇವರೇ. ಕಮಲಾದೇವಿ ಸ್ವಲ್ಪ ಮತಗಳಲ್ಲಿ ಸೋತರು ಅಷ್ಟೇ.

ಗುಮ್ಮಟದ ಪಕ್ಕ (ವಿಜಯಪುರ):

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಸ್ಟಾಫ್ ರೂಮಿನ ಇಬ್ಬರಿಗೂ ಅರ್ಧರ್ಧ ಮಾರ್ಕು.

ಮೊದಲು ಮೈಸೂರನ್ನು ಬದಿಗಿಡಿ. ಆಗಿನ ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಬಾಗಲಕೋಟೆ ಬಿಜಾಪುರದೊಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಮಾಂಟೆಗು ಭೇಟಿಯ ನಂತರ ಯಾರಿಗೆ ಮತ ಕೊಡಬೇಕು ಅಂತ ನೋಡಲು ಸೌತ್‌ಬರೋ ಸಮಿತಿ ಬಂತು. ಭಾರತದ ಹೆಂಗಸರಿಗೆ ಈಗಲೇ ಮತ ಬೇಡ ಅಂದಿತು. ಕೊನೆಗೆ ಬ್ರಿಟಿಷರ 1919ರ ಭಾರತ ಸರ್ಕಾರ ಕಾಯ್ದೆ ಆ ತೀರ್ಮಾನವನ್ನು ಪ್ರಾಂತ್ಯಗಳ ಶಾಸನಸಭೆಗೇ ಬಿಟ್ಟಿತು. ಮದ್ರಾಸ್, ಮುಂಬಯಿ ಎರಡೂ 1921ರಲ್ಲಿ ಒಪ್ಪಿಕೊಂಡವು. ಅಂದರೆ ನಮ್ಮ ಕಡೆ 1921.

ಆದರೆ ಎಲ್ಲರಿಗೂ ಅಲ್ಲ. ಗಂಡಸರಿಗಿದ್ದ ಆಸ್ತಿ, ಕಂದಾಯದ ಷರತ್ತೇ ಹೆಂಗಸರಿಗೂ. ಹೊಲ ಅವಳ ಹೆಸರಿನಲ್ಲಿರಬೇಕು. ಆ ಕಾಲದಲ್ಲಿ ಎಷ್ಟು ಹೆಂಗಸರ ಹೆಸರಿನಲ್ಲಿ ಉತಾರ (ಜಮೀನಿನ ದಾಖಲೆ) ಇತ್ತು ಅಂತ ನೀವೇ ಯೋಚನೆ ಮಾಡಿ. ಈಗಲೂ ನಮ್ಮೂರಲ್ಲಿ ಆ ಲೆಕ್ಕ ಏನು ಹೆಮ್ಮೆ ಪಡುವಂತಿಲ್ಲ ಬಿಡಿ.

ಇನ್ನೊಂದು, ನಿಮ್ಮ ಮುಧೋಳ ಆಗ ಘೋರ್ಪಡೆ ಮನೆತನದ ಸಂಸ್ಥಾನ. ಜಮಖಂಡಿ, ರಾಮದುರ್ಗ ಕೂಡ ಸಂಸ್ಥಾನಗಳೇ. 1948ರಲ್ಲಿ ವಿಲೀನ ಆಗುವವರೆಗೂ ಮುಂಬಯಿ ಶಾಸನಸಭೆಯ ತೀರ್ಮಾನ ಅಲ್ಲಿ ನಡೆಯುತ್ತಿರಲಿಲ್ಲ. ಬಾಗಲಕೋಟೆಯ ಜಮೀನುದಾರ ಹೆಂಗಸಿಗೆ ಸಿಕ್ಕ ಹಕ್ಕು ಮುಧೋಳದವಳಿಗೆ ಇರಲಿಲ್ಲ. ಇದನ್ನೇ ಹುಡುಗಿಯರಿಗೆ ನಕಾಶೆ ಹಾಕಿ ತೋರಿಸಿ, ಬೇಗ ತಲೆಗೆ ಹೋಗುತ್ತದೆ.

ಖಡಕ್ ರೊಟ್ಟಿ (ಬಾಗಲಕೋಟೆ):

ನಾನು ಸ್ವಲ್ಪ ತಕರಾರು ಮಾಡುತ್ತೇನೆ. ಮತ ಕೊಡಿಸಿದ್ದೂ ಹೊರಗಿನವರೇ ಅಂತ ಮಕ್ಕಳು ತಿಳಿದುಕೊಂಡರೆ? ಹೇರಾಬಾಯಿ ಟಾಟಾ, ಅವರ ಮಗಳು ಮಿಥನ್ 1919ರಲ್ಲಿ ಲಂಡನ್ನಿಗೇ ಹೋಗಿ ಹೆಂಗಸರ ಮತದ ಪರವಾಗಿ ವಾದಿಸಿದರು. ಅವರನ್ನು ಯಾರೂ ನೆನೆಸುವುದಿಲ್ಲ. ಹೊರಗಿನವರೇ ಬೇಕು ಅಂದರೆ ಅಮೆರಿಕದ ಸೂಸನ್ ಆಂಟನಿ ಇದ್ದಾರಲ್ಲ, ಅವರೂ ಟೀಚರ್. 1872ರಲ್ಲಿ ಹಕ್ಕಿಲ್ಲದಿದ್ದರೂ ಹೋಗಿ ಮತ ಹಾಕಿ ಅರೆಸ್ಟ್ ಆದರು. ಕೋರ್ಟು 100 ಡಾಲರ್ ದಂಡ ಹಾಕಿತು, ಸಾಯುವವರೆಗೂ ಕಟ್ಟಲಿಲ್ಲ. ನಾಟಕಕ್ಕೆ ಕೋರ್ಟ್ ಸೀನ್ ರೆಡಿ.

ಹಳೇ ಪುಟ (ಬೆಳಗಾವಿ):

ಹೇರಾಬಾಯಿ ವಿಷಯ ಒಪ್ಪಿದೆ, ಅವರೂ ನಾಟಕದಲ್ಲಿ ಬರಲಿ. ಆದರೆ ಕಸಿನ್ಸ್ ದೂರದಿಂದ ಉಪದೇಶ ಮಾಡಿ ಹೋದವರಲ್ಲ. 1932ರಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳ ವಿರುದ್ಧ ಭಾಷಣ ಮಾಡಿ ಇಲ್ಲಿಯ ಜೈಲಿಗೂ ಹೋದರು, ಒಂದು ವರ್ಷದ ಶಿಕ್ಷೆ. 1954ರಲ್ಲಿ ತೀರಿಕೊಂಡದ್ದೂ ಅಡ್ಯಾರಿನಲ್ಲೇ.

ನಿವೃತ್ತ ಅಕ್ಕೋರು (ಗೋಕಾಕ):

ತಂಗಿ, 1921ಕ್ಕೆ ನಾಟಕ ಮುಗಿಸಬೇಡ. ಮುಂದಿನದೇ ನಿನ್ನ ಹುಡುಗಿಯರಿಗೆ ಹತ್ತಿರದ್ದು.

1935ರ ಕಾಯ್ದೆಯಲ್ಲಿ ಜಾಸ್ತಿ ಹೆಂಗಸರಿಗೆ ಮತ ಬಂತು. ಆದರೆ ಒಂದು ದಾರಿ ಹೇಗಿತ್ತು ಅಂದರೆ, ಗಂಡನಿಗೆ ಆಸ್ತಿ ಇದ್ದರೆ ಹೆಂಡತಿಗೂ ಮತ. ಇಂಥ ಷರತ್ತು ಬೇಡ, ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ ಅಂತ ಮಹಿಳಾ ಸಂಘಗಳು ಮೊದಲೇ ಹೇಳಿದ್ದವು. ಸರ್ಕಾರ ಕೇಳಲಿಲ್ಲ. ಆಮೇಲೆ ಸಂವಿಧಾನ ಎಲ್ಲರಿಗೂ ಕೊಟ್ಟಿತು. 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡಲು ಮನೆಮನೆಗೆ ಹೋದರೆ ಎಷ್ಟೋ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹೆಸರಿಲ್ಲದವರನ್ನು ಸೇರಿಸಲು ಒಪ್ಪಲಿಲ್ಲ. ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಜಾಸ್ತಿ ಜನ ಉತ್ತರದ ರಾಜ್ಯಗಳವರು. ಆದರೆ ಗಂಡನ ಹೆಸರು ಹೇಳಲು ಒಗಟು ಹಾಕುವ ನಮಗೆ ಇದು ಹೊಸದೇನಲ್ಲ, ಅಲ್ವಾ?

ನಾನೂ ಬಿಎಲ್ಒ ಆಗಿ ಮನೆಮನೆಗೆ ಹೋಗಿ ಮತದಾರರ ಪಟ್ಟಿಯ ಕೆಲಸ ಮಾಡಿದವಳು. ಬಾಗಿಲಿಗೆ ಹೋಗಿ ಹೆಸರು ಕೇಳಿದರೆ ಅತ್ತೆ ಹೇಳುತ್ತಾರೆ, ಮೈದುನ ಹೇಳುತ್ತಾನೆ, ಸೊಸೆ ಒಳಗೆ ನಿಂತಿರುತ್ತಾಳೆ. ಆಕೆಯನ್ನೇ ಕರೆದು ಕೇಳುತ್ತಿದ್ದೆ. ಕೆಲವರು ಬೈದರು, ಬೈಯಲಿ.

ಘಟಪ್ರಭಾ ದಂಡೆ:

ಎಲ್ಲರಿಗೂ ಥ್ಯಾಂಕ್ಸ್ ರೀ. ಮೂರು ದೃಶ್ಯ ಮಾಡುತ್ತೇನೆ: ಡಬ್ಲಿನ್ ಗಾಜು, ಮದ್ರಾಸಿನ ಮನವಿ, 1951ರ ಮನೆಬಾಗಿಲು. ಹೇರಾಬಾಯಿ ಎರಡನೆಯದರ ಕೊನೆಗೆ ಬರುತ್ತಾರೆ. ಕಲ್ಲು ಹೊಡೆಯುವ ಸೀನಿಗೆ ಹೆಡ್ ಮಾಸ್ತರು ಒಪ್ಪುತ್ತಾರಾ ನೋಡಬೇಕು.

ಖಡಕ್ ರೊಟ್ಟಿ (ಬಾಗಲಕೋಟೆ):

ಸ್ಟೇಜ್ ಹಿಂದೆ ಸ್ಟೀಲ್ ತಾಟು ಬೀಳಿಸಿ, ಗಾಜಿನ ಸದ್ದು ಬಂದಂಗೆ ಆಗುತ್ತದೆ. ಹೆಡ್ ಮಾಸ್ತರಿಗೆ ಮಾಂಟೆಗು ಪಾತ್ರ ಕೊಟ್ಟುಬಿಡಿ, ತಕರಾರು ಮಾಡುವುದಿಲ್ಲ.